ತಿದ್ದುಪಡಿ

ನನ್ನ ಹೆಸರು ವಾಷಿಂಗ್ಟನ್. ನಗಬೇಡಿ,
ಮೊಂತೆವಿದೇಯೊದಲ್ಲಿ ನನ್ನ ವಯಸ್ಸಿನವರ ಪೈಕಿ
ಬೀದಿಗೊಬ್ಬ ವಾಷಿಂಗ್ಟನ್ ಸಿಗುತ್ತಾನೆ.
ವಿದೇಶಾಂಗ ನೀತಿಗೂ ನನಗೂ ಅಷ್ಟೇ ನಂಟು.
ಅದು ಬಿಟ್ಟರೆ ಗುರುವಾರದ ರಾತ್ರಿಪಾಳಿ:
ಡಾಕ್ಟೋರಾ ಎರ್ಮೆಲಿಂದಾ ಬೆರ್ರುತ್ತಿಯವರ ಅಂಕಣವನ್ನು
ಸೀಸದಲ್ಲಿ ಸಾಲುಸಾಲಾಗಿ ಎರಕ ಹೊಯ್ಯುವವನು ನಾನು.

ಹಗಲು ಅವರು ವಕೀಲೆ.
ಕುರಿಮಂದೆಯ ಪಾಲು, ಬಾಡಿಗೆ ಕರಾರು,
ವಿಧವೆಯೊಬ್ಬಳ ಹೊಲಿಗೆ ಯಂತ್ರದ ಜಪ್ತಿ.
ಎಪ್ಪತ್ಮೂರರ ಚಳಿಗಾಲ ಬಂದದ್ದೇ
ಬೇರೆ ಬಗೆಯ ಕಕ್ಷಿದಾರರು ಬಂದರು:
ಮೆಟ್ಟಿಲ ಮೇಲೆ ಕಾದು ಕೂತು
ಒಳಗೆ ಕರೆದಾಗ ಮಾತಾಡದೆ
ಮಗನ ಫೋಟೋ ಮೇಜಿನ ಮೇಲಿಡುವವರು.
ಹೇಬಿಯಸ್ ಕಾರ್ಪಸ್ ಅರ್ಜಿ ನಲವತ್ತೊಂದು ಬರೆದರು.
ನಲವತ್ತೊಂದಕ್ಕೂ ಒಂದೇ ಉತ್ತರ, ಒಂದೇ ಮೊಹರು,
ಮಸಿ ಮಾತ್ರ ಒಮ್ಮೊಮ್ಮೆ ನೀಲಿ.

ಸ್ವದೇಶದ್ದು ಬರೆಯುವಂತಿಲ್ಲ, ಪರದೇಶದ್ದು ಬರೆಯಬಹುದು.
ಸರಿ, ಐಸ್‌ಲ್ಯಾಂಡಿನ ಮೀನಿನ ಜಗಳ,
ಮಲಕ್ಕಾ ಜಲಸಂಧಿಯ ಸುಂಕ,
ಹೆಸರಿಲ್ಲದ ಯಾವುದೋ ದೂರದ ರಾಜಧಾನಿ.
ಸೊಸೆಗೆ ಕೇಳಲೆಂದು ಮಗಳಿಗೆ ಬೈದ ಹಾಗೆ
ಭೂಪಟದ ಆ ತುದಿಗೆ ಬೈಯುತ್ತಿದ್ದರು ಡಾಕ್ಟೋರಾ.
ಸೆನ್ಸಾರಿನ ಕ್ಯಾಪ್ಟನ್, ಕೆಂಪು ಪೆನ್ಸಿಲ್ಲಿಗೆ ಕೆಲಸವಿಲ್ಲದೆ,
ಕೊಳವೆಯಲ್ಲಿ ಮಾಟೆ ಹೀರುತ್ತ ಸಹಿ ಹಾಕುತ್ತಿದ್ದ.

ಆಗಸ್ಟಿನ ಒಂದು ಗುರುವಾರ, ನದಿಯ ಕಡೆಯಿಂದ ಗಾಳಿ,
ಸಾಲು ಹೀಗಿತ್ತು:
“ಅಲ್ಲಿ ತಾಯಂದಿರು ಒಗೆದ ಅಂಗಿ ಹಿಡಿದು
ಬೆಳಿಗ್ಗೆ ಬ್ಯಾರಕ್ಕಿನ ಬಾಗಿಲಿಗೆ ಹೋಗುತ್ತಾರೆ,
ಸಂಜೆ ಅದೇ ಅಂಗಿಯನ್ನು
ಮಡಿಕೆ ಕೆಡದೆ ವಾಪಸ್ಸು ತರುತ್ತಾರೆ.”
ಅಲ್ಲಿಗೂ ಇಲ್ಲಿಗೂ ಎಷ್ಟು ದೂರ? ಒಂದು ಕೀಲಿ.
ನನ್ನ ಬೆರಳು ‘ಇಲ್ಲಿ’ ಎಂದು ಒತ್ತಿತು.

ನಿದ್ದೆಗಣ್ಣು, ಎಂದೆ ಮೇಸ್ತ್ರಿಗೆ.
ಹದಿನೇಳನೆಯ ಅರ್ಜಿ ನನ್ನ ಅಕ್ಕನ ಮಗನದು.
ಆ ಮಾತು ಯಾರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಶನಿವಾರ ಡಾಕ್ಟೋರಾಗೆ ಕರೆ ಬಂತು.
ನಾಲ್ಕು ತಾಸು ಮರದ ಬೆಂಚು.
ಕರ್ನಲ್ ಆ ಪದದ ಮೇಲೆ ಉಗುರೂರಿ ಕೇಳಿದನಂತೆ.
“ಮುದ್ರಣದೋಷ,” ಎಂದರಂತೆ ಇವರು,
“ಕಾಯಿದೆ ಪ್ರಕಾರ ತಿದ್ದುಪಡಿ ಹಾಕಿಸುತ್ತೇನೆ.
ಮೊದಲ ಪುಟದಲ್ಲೇ ಹಾಕಿಸಲೇ?”
ಕರ್ನಲ್ ಖುಷಿಯಿಂದ ಹೂಂ ಎಂದ.

ಹಾಕಿದೆವು, ಚೌಕಟ್ಟು ಕಟ್ಟಿ, ದಪ್ಪಕ್ಷರದಲ್ಲಿ:
“ಕಳೆದ ವಾರದ ಅಂಕಣದ ಮೂರನೇ ಪ್ಯಾರಾದಲ್ಲಿ
‘ಇಲ್ಲಿ’ ಎಂದಿರುವುದನ್ನು ‘ಅಲ್ಲಿ’ ಎಂದು ಓದಿಕೊಳ್ಳಬೇಕು.
ಸದರಿ ತಾಯಂದಿರು ಇರುವುದು ಅಲ್ಲಿ. ಇಲ್ಲಿ ಅಲ್ಲ.”

ಮಾಂಸದಂಗಡಿಯವನು ಎಲುಬು ಸುತ್ತಲಿದ್ದ ಹಾಳೆ ಬಿಡಿಸಿ
ಮೂರನೇ ಪ್ಯಾರಾ ಹುಡುಕಿದ.
ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತ
“ಅಲ್ಲಿಗಾ? ಇಲ್ಲಿಗಾ?” ಅಂದ.
ಇಡೀ ಬಸ್ಸು ಕಿಟಕಿಯ ಹೊರಗೆ ನೋಡಿತು.

ಆ ರಾತ್ರಿ ಅವರು ಅಚ್ಚುಮನೆಗೆ ಇಳಿದು ಬಂದರು,
ಯಂತ್ರದ ಶಾಖಕ್ಕೆ ಕೈಯೊಡ್ಡಿ ನಿಂತರು.
“ಬೇಕೆಂದೇ?”
“ನಿದ್ದೆ, ಡಾಕ್ಟೋರಾ.”
“ನಿಮ್ಮ ನಿದ್ದೆಯ ಪರ ನಾನು ವಕಾಲತ್ತು ಹಾಕುತ್ತೇನೆ.”
ಫೀಸಿನ ಮಾತು ಆಡಲಿಲ್ಲ.

ಆಮೇಲೆ ಕಾಲ ತಿರುಗಿತು.
ಹೇಗ್ ಪಟ್ಟಣಕ್ಕೆ ಹೋಗಿಬಂದರು, ಟೀವಿಗೆ ಬಂದರು,
ಬಣ್ಣದ ಭೂಪಟ, ಕೈಯಲ್ಲೊಂದು ಕೋಲು.
‘ಇಲ್ಲಿ’ ಎಂದು ಎಷ್ಟು ಸಲ ಬೇಕಾದರೂ ಹೇಳಬಹುದಾದ ಮೇಲೆ
ಜನ ನಡುವೆಯೇ ಎದ್ದು
ನೀರು ಕಾಯಿಸಲು ಹೋಗುತ್ತಿದ್ದರು.
ನಾನೂ ಹೋಗಿದ್ದೇನೆ.

ಮೊನ್ನೆ ಅವರ ತಮ್ಮನ ಮಗಳು ಬಂದಿದ್ದಳು.
ಆ ಸಾಲಿನ ಸೀಸ ಉಳಿದಿದೆಯೇ, ಪ್ರದರ್ಶನಕ್ಕೆ ಬೇಕಂತೆ.
ಇಲ್ಲಮ್ಮ. ಬೆಳಗಾದರೆ ಎಲ್ಲ ಸಾಲೂ ಕುಲುಮೆಗೆ.
ಮರುದಿನವೇ ಅದು ಉಣ್ಣೆಯ ದರವಾಯಿತು,
ಫುಟ್‌ಬಾಲಿನ ಎರಡು ಗೋಲಾಯಿತು,
ಯಾರದೋ ಮರಣವಾರ್ತೆಯ ಅರ್ಧವಾಯಿತು.

ಅಂಗಿ ಇದೆ.
ಮಡಿಕೆ ಬಿಚ್ಚಿಲ್ಲ.